ಬೀಗರ ಓಟ

ಓಡುವುದು ಒಂದು ದೊಡ್ಡ ವಿದ್ಯೆಯೇ ಅಲ್ಲ. ನಡೆಯುವುದನ್ನೇ ಸ್ವಲ್ಪ ಅವಸರದಲ್ಲಿ ಮಾಡಿದರೆ ಅದೇ ಓಟ! ಈ ಮಹಾ ಸಿದ್ಧಾಂತವನ್ನು ನಾನು ಕಂಡುಹಿಡಿದದ್ದು ದೇವರಾಜ ಮೊಹಲ್ಲಾದ ನನ್ನ ಪಾತ್ರೆ ಅಂಗಡಿಯಲ್ಲಿ, ಗಲ್ಲಾಪೆಟ್ಟಿಗೆಯ ಹಿಂದೆ, ಮೆತ್ತನೆಯ ದಿಂಬಿನ ಮೇಲೆ ಕೂತುಕೊಂಡು. ಕೂತು ಕಂಡುಹಿಡಿದ ಸಿದ್ಧಾಂತಗಳ ಒಂದು ಗುಣವೆಂದರೆ, ಎದ್ದು ನಿಂತು ಪರೀಕ್ಷಿಸುವ ತನಕ ಅವು ಸರಿಯಾಗಿಯೇ ಇರುತ್ತವೆ.

ಆದ್ದರಿಂದ ನಿಂಗೇಗೌಡ ಮೇಷ್ಟ್ರು ಮಡಿಕೇರಿಯಿಂದ ಫೋನ್ ಮಾಡಿ, "ಬೀಗ್ರೇ, ನಮ್ಮೂರಲ್ಲಿ ಓಟ ಮಡಗಿದ್ದೀವಿ, ನೀವೂ ಓಡ್ಬೇಕು ಕಣ್ರೀ" ಎಂದಾಗ, ನಾನು ಒಂದು ಗಳಿಗೆಯೂ ಯೋಚಿಸಲಿಲ್ಲ. "ಅದಕ್ಕೇನಂತೆ, ಓಡಾನ ಬುಡಿ" ಎಂದುಬಿಟ್ಟೆ.

ಬೀಗರೇ ಎಂದರಲ್ಲ, ನಿಜ ಹೇಳಬೇಕೆಂದರೆ ನಾವಿನ್ನೂ ಬೀಗರಾಗಿರಲಿಲ್ಲ. ನನ್ನ ಮಗಳು ರಂಜಿತಾ ಮತ್ತು ಅವರ ಮಗ ಮನು ಒಬ್ಬರನ್ನೊಬ್ಬರು ಮೆಚ್ಚಿಕೊಂಡಿದ್ದರು. ಮನು ಮೇಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಚಿನ್ನದಂಥ ಹುಡುಗ. ಮೇಷ್ಟ್ರು ಮಂಡ್ಯ ಕಡೆಯವರು, ಮಡಿಕೇರಿಯ ಶಾಲೆಯಲ್ಲಿ ಪಿ.ಟಿ. ಮೇಷ್ಟ್ರಾಗಿದ್ದು, ನಿವೃತ್ತರಾಗಿ ಅಲ್ಲೇ ಮನೆ ಕಟ್ಟಿಕೊಂಡವರು. ಕೆಲಸ ಬಿಟ್ಟರೂ ಕುತ್ತಿಗೆಯ ಸೀಟಿ ಬಿಟ್ಟಿರಲಿಲ್ಲ. ಹುಡುಗಿ ನೋಡಲು ಬಂದಾಗಲೂ ಅದು ಅಂಗಿಯೊಳಗೆ ನೇತಾಡುತ್ತಿತ್ತು. ಉಪ್ಪಿಟ್ಟು ತಿಂದು, ಹುಡುಗಿಯನ್ನು ಮಾತಾಡಿಸಿ, ಹೊರಡುವಾಗ ಒಂದೇ ಮಾತು ಹೇಳಿದ್ದರು: "ನಂಗೆ ವರದಕ್ಷಿಣೆ ಗಿರದಕ್ಷಿಣೆ ಬ್ಯಾಡ. ಜನ ಎಂಥೋರು ಅಂತ ನೋಡ್ಬೇಕು ಅಷ್ಟೇಯ. ಶುರು ಮಾಡಿದ್ದನ್ನ ಮುಗಿಸೋ ಜನ ಆಗಿರ್ಬೇಕು."

ಈಗ ಆ ನೋಡುವ ಕಾರ್ಯಕ್ರಮಕ್ಕೇ ಕರೆ ಬಂದಿತ್ತು. ಅವರ ಊರಿನವರೆಲ್ಲ ಸೇರಿ ಮೂರು ದಿನದ ಓಟ ಏರ್ಪಡಿಸಿದ್ದರು. ಶುಕ್ರವಾರ, ಶನಿವಾರ, ಭಾನುವಾರ. ಮೈಯಲ್ಲಿ ಮೂಳೆ, ತಲೆಯಲ್ಲಿ ಹುಚ್ಚು ಮಾತ್ರ ಇರುವ ಕೆಲವರು ಮೂರು ದಿನವೂ ಬೆಟ್ಟ ಹತ್ತಿ, ಕಣಿವೆ ಇಳಿದು, ಮತ್ತೆ ಬೆಟ್ಟ ಹತ್ತಿ ಓಡುತ್ತಾರಂತೆ. ನಮ್ಮ ನಿಮ್ಮಂಥ ಮನುಷ್ಯರಿಗೆಂದು ಭಾನುವಾರ ಬೆಳಿಗ್ಗೆ 'ಫನ್ ರನ್' ಇದೆಯಂತೆ.

"ಐದೇ ಕಿಲೋಮೀಟ್ರು ಬೀಗ್ರೇ. ಮಕ್ಳು, ಮುದುಕ್ರು ಎಲ್ಲಾ ನಗ್‌ನಗ್ತಾ ಓಡ್ತಾರೆ. ಅದು ಮುಗಿಸ್ಕೊಂಡು ಅಲ್ಲೇ ಒಪ್ಪಿಗೆ ತಾಂಬೂಲ ಬದಲಾಯಿಸ್ಕೊಂಡ್ಬುಡಾನ. ಏನಂತೀರಿ?"

ಏನನ್ನಲಿ? ಮಗಳ ಮದುವೆಗೂ ನನಗೂ ನಡುವೆ ಇದ್ದದ್ದು ಐದೇ ಕಿಲೋಮೀಟರು!

ನನ್ನ ಹೆಂಡತಿ ಸುಶೀಲ ಅಡಿಗೆಮನೆಯಿಂದಲೇ ಎಲ್ಲ ಕೇಳಿಸಿಕೊಂಡಿದ್ದಳು. "ಬೀಗರ ಊಟ ಕೇಳಿದ್ದೀನಿ. ಬೀಗರ ಓಟ ಇದೇ ಮೊದಲು" ಎಂದಳು. "ಅಲ್ಲಾ ಕಣ್ರೀ, ಹಾಲಿನ ಬೂತಿಗೆ ಸ್ಕೂಟರಲ್ಲಿ ಹೋಗೋ ಮನುಷ್ಯ ನೀವು. ನಿಮ್ಗೆ ಯಾಕೆ ಈ ಉಸಾಬರಿ?"

"ಸ್ಕೂಲಲ್ಲಿ ನಾನು ರಿಲೇ ಓಡ್ತಿದ್ದೆ ಕಣೇ."

"ರಿಲೇಲಿ ಓಡಿ, ಕೋಲು ಇನ್ನೊಬ್ರಿಗೆ ಕೊಟ್ಟು ಕೂತ್ಕೊಬೋದು. ಇಲ್ಲಿ ಯಾರ್ಗೆ ಕೊಡ್ತೀರಾ?"

ರಂಜಿತಾ ಮಾತ್ರ ನಗಲಿಲ್ಲ. ನನ್ನ ಪಕ್ಕ ಬಂದು ಕೂತು, ಮೆಲ್ಲಗೆ, "ಅಪ್ಪ, ಓಡಿ, ಬಿಡಿ, ನಡ್ಕೊಂಡಾದ್ರೂ ಹೋಗಿ. ಮಾವನವರ ಮುಂದೆ ಜಂಬ ಮಾತ್ರ ಕೊಚ್ಕೋಬೇಡಿ. ಅವರು ಅದನ್ನ ನಿಜ ಅಂದ್ಕೊಂಡ್ಬಿಡ್ತಾರೆ" ಎಂದಳು. ಆಗಲಿ ಮಗಳೇ ಎಂದು ಮಾತು ಕೊಟ್ಟೆ. ಕೊಡುವಾಗ ನನ್ನ ಮನಸ್ಸು ಶುದ್ಧವಾಗಿತ್ತು.

ಅಭ್ಯಾಸವನ್ನು ಮಾರನೆಯ ದಿನವೇ ಆರಂಭಿಸಿದೆ. ಮೊದಲು ಐದು ಕಿಲೋಮೀಟರ್ ಎಂದರೆ ಎಷ್ಟು ಎಂಬುದು ತಿಳಿಯಬೇಕಲ್ಲವೇ? ಮನೆಯಿಂದ ಹೊರಟು, ಕುಕ್ಕರಹಳ್ಳಿ ಕೆರೆಯ ಕಡೆಯಿಂದ ಸುತ್ತು ಹಾಕಿ, ಸ್ಕೂಟರಿನಲ್ಲಿ ಅಳೆದೆ. ಬಹಳ ಹತ್ತಿರ! ಒಂದು ಚೂರೂ ಸುಸ್ತಾಗಲಿಲ್ಲ. ದಾರಿಯಲ್ಲಿ ಒಂದು ಮಸಾಲೆ ದೋಸೆ ತಿಂದು ಮನೆಗೆ ಬಂದೆ. ಸಂಜೆ ಹೊಸ ಶೂ ಕೊಂಡೆ. ಕೊಳೆಯಾಗಬಾರದೆಂದು ಅದನ್ನು ಡಬ್ಬಿಯಿಂದ ತೆಗೆಯಲಿಲ್ಲ. ಅಲ್ಲಿಗೆ ನನ್ನ ಅಭ್ಯಾಸ ಸಂಪೂರ್ಣವಾಯಿತು.

ಆ ವಾರವೇ ಓಟದ ಕಚೇರಿಯಿಂದ ಒಬ್ಬ ಹುಡುಗಿ ಫೋನ್ ಮಾಡಿದಳು. ನನ್ನ ಸರ್ವನಾಶಕ್ಕೆ ಕಾರಣವಾದ ಆ ಸಂಭಾಷಣೆಯನ್ನು ಒಂದಕ್ಷರ ಬಿಡದೆ ಕೊಡುತ್ತಿದ್ದೇನೆ. ತಪ್ಪು ನನ್ನದೋ ಅವಳದೋ ನೀವೇ ಹೇಳಿ.

"ಸಾರ್, ನಿಂಗೇಗೌಡ ಸಾರ್ ನಿಮ್ಮ ಹೆಸರು ಕೊಟ್ಟಿದ್ದಾರೆ. ಯಾವೂರು ಸಾರ್?"

"ಮೈಸೂರು ಕಣಮ್ಮ. ವಿಜಯನಗರ."

"ಯಾವ ಸ್ಟೇಜ್ ಸಾರ್?"

"ಥರ್ಡ್ ಸ್ಟೇಜ್."

"ಥರ್ಡ್ ಸ್ಟೇಜ್ ಒಂದೇನಾ ಸಾರ್? ಫಸ್ಟು, ಸೆಕೆಂಡು?"

ಇಷ್ಟೊಂದು ವಿವರ ಯಾಕೆ ಬೇಕೋ ಎನ್ನಿಸಿತು. ಆದರೆ ಮದುವೆ ಮಾತು ನೋಡಿ, ಹುಡುಗನ ಕಡೆಯವರು ಪೂರ್ವಾಪರ ವಿಚಾರಿಸುವುದು ಸಹಜ. ನಾನು ಮನಸ್ಸು ಬಿಚ್ಚಿ ಹೇಳಿದೆ: "ಫಸ್ಟ್ ಸ್ಟೇಜಿಂದಲೇ ಶುರು ಮಾಡಿದ್ದಮ್ಮ ನಾವು. ಆಮೇಲೆ ಸೆಕೆಂಡ್ ಸ್ಟೇಜು. ಅಲ್ಲಿಂದ ಥರ್ಡ್ ಸ್ಟೇಜಿಗೆ ಬಂದ್ವಿ. ಬಹಳ ಕಷ್ಟಪಟ್ಟಿದ್ದೀನಿ."

"ಮೂರೂ ಸ್ಟೇಜಾ ಸಾರ್!" ಅವಳ ದನಿಯಲ್ಲಿ ಭಕ್ತಿ ಮೂಡಿತು. "ಈ ವಯಸ್ಸಲ್ಲಿ!"

"ವಯಸ್ಸೇನು ಬಂತು? ನಾಲ್ಕನೇ ಸ್ಟೇಜ್ ಮೇಲೂ ಒಂದು ಕಣ್ಣಿದೆ."

"ನಾಲ್ಕನೇದು ಇಲ್ಲ ಸಾರ್."

"ಇದೆ ಕಣಮ್ಮ, ರಿಂಗ್ ರೋಡ್ ಹತ್ರ. ನಿಂಗೆ ಗೊತ್ತಿಲ್ಲ."

"ಓಕೆ ಸಾರ್, ಓಕೆ! ಮೂರೂ ಸ್ಟೇಜ್ ಹಾಕ್ಕೋತೀನಿ. ಜೊತೆಗೆ ಸಪೋರ್ಟಿಗೆ ಯಾರಿದ್ದಾರೆ ಸಾರ್?"

"ನನ್ನ ಹೆಂಡ್ತಿ. ಎಲ್ಲಾ ಸ್ಟೇಜಲ್ಲೂ ಅವಳೇ ಸಪೋರ್ಟು" ಎಂದೆ.

ಅರ್ಧ ಗಂಟೆಯೊಳಗೆ ಮೇಷ್ಟ್ರ ಫೋನ್ ಬಂತು. "ಬೀಗ್ರೇ! ಏನ್ರೀ ಇದು, ಮುಚ್ಚಿಟ್ಬುಟ್ಟಿದ್ರಿ! ಮೂರೂ ಸ್ಟೇಜಂತೆ! ನನ್ ಕೈಲೇ ಆಗ್ನಿಲ್ಲ ಕಣ್ರೀ ಅದು. ಎರಡನೇದ್ರಲ್ಲೇ ಬುಟ್ಬುಟ್ಟೆ."

ಪಾಪ, ಮೇಷ್ಟ್ರೂ ಹಿಂದೆ ನಮ್ಮ ಬಡಾವಣೆಯಲ್ಲಿ ಮನೆ ಮಾಡಿದ್ದರೇನೋ ಎಂದುಕೊಂಡೆ. "ಧೈರ್ಯ ಬೇಕು ಬೀಗ್ರೇ. ಒಂದ್ಸಲ ಮನಸ್ಸು ಮಾಡಿದ್ರೆ ಆಯ್ತು" ಎಂದೆ.

"ನೀವು ಗಂಡ್ಸು ಕಣ್ರೀ! ಅಂಗಾದ್ರೆ ಭಾನುವಾರ ಅಲ್ಲ, ಶುಕ್ರವಾರ ಬೆಳಿಗ್ಗೇನೇ ಮೈದಾನಕ್ಕೆ ಬಂದ್ಬುಡಿ. ನಮ್ ನೆಂಟ್ರಿಗೆಲ್ಲಾ ಹೇಳ್ಬುಡ್ತೀನಿ."

ಫೋನಿಟ್ಟ ಮೇಲೆ ಸುಶೀಲ ಹುಬ್ಬು ಗಂಟಿಕ್ಕಿದಳು. "ಭಾನುವಾರದ ಓಟಕ್ಕೆ ಶುಕ್ರವಾರ ಯಾಕಂತೆ?"

"ಬೀಗ್ರು ಅಂದ್ರೆ ಅಂಗೇ ಕಣೇ. ಉಪಚಾರ ಮಾಡೋ ಆಸೆ" ಎಂದೆ.

ಶುಕ್ರವಾರ ಕೋಳಿ ಕೂಗುವ ಮೊದಲೇ ಹೊರಟೆವು. ರಂಜಿತಾ ಕಾರು ಓಡಿಸುತ್ತಿದ್ದಳು. ಸುಶೀಲ ಮಡಿಲಲ್ಲಿ ಹಣ್ಣಿನ ತಟ್ಟೆ, ಮೈಸೂರು ಮಲ್ಲಿಗೆ, ವೀಳ್ಯದೆಲೆ ಇಟ್ಟುಕೊಂಡಿದ್ದಳು. ನಾನು ಬೀಗರ ಮರ್ಯಾದೆಗೆ ತಕ್ಕಂತೆ ಇಸ್ತ್ರಿ ಮಾಡಿದ ಜುಬ್ಬಾ, ಜರತಾರಿ ಅಂಚಿನ ಪಂಚೆ ಉಟ್ಟಿದ್ದೆ. ಮಡಿಕೇರಿಯಲ್ಲಿ ಮೈದಾನಕ್ಕೆ ಕಾಲಿಡುತ್ತಲೇ ಡೊಳ್ಳು ಮೊಳಗಿತು. ನನಗೊಂದು ಹಾರ ಬಿತ್ತು. ಮೇಷ್ಟ್ರು ಬಿಗಿದಪ್ಪಿಕೊಂಡು, ಪಿನ್ನುಗಳಿಂದ ನನ್ನ ಜುಬ್ಬಾದ ಎದೆಗೆ ಒಂದು ಕೆಂಪು ನಂಬರನ್ನು ಚುಚ್ಚಿದರು. ಇದೂ ಕೊಡಗಿನ ಒಂದು ಸಂಪ್ರದಾಯ ಇರಬಹುದೆಂದು ನಾನು ಕೈಮುಗಿದೆ.

ಅಷ್ಟರಲ್ಲಿ ಮೈಕಿನಲ್ಲಿ ಘೋಷಣೆಯಾಯಿತು. "ಮೈಸೂರಿನಿಂದ ಬಂದಿರುವ ಹಿರಿಯ ಓಟಗಾರರು! ಹಿಂದೆ ಮೂರೂ ಸ್ಟೇಜುಗಳನ್ನು ಮುಗಿಸಿದ ಅನುಭವಿಗಳು! ಇಂದು, ನಾಳೆ, ನಾಳಿದ್ದು, ಮೂರು ದಿನವೂ ಓಡಲಿದ್ದಾರೆ!"

ಯಾರಪ್ಪಾ ಆ ಪುಣ್ಯಾತ್ಮ ಎಂದು ನಾನೂ ಎಲ್ಲರ ಜೊತೆ ಚಪ್ಪಾಳೆ ತಟ್ಟಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ಪಕ್ಕದಲ್ಲಿ, ಬೆನ್ನಿಗೆ ನೀರಿನ ಚೀಲ ಕಟ್ಟಿಕೊಂಡು, ಒಣಗಿದ ನುಗ್ಗೆಕಾಯಿಯಂತಿದ್ದ ಒಬ್ಬರು ಕಾಲು ಜಾಡಿಸುತ್ತಿದ್ದರು. "ಸಾರ್, ಈ ಸ್ಟೇಜು ಅಂದ್ರೆ ಏನು?" ಎಂದು ಕೇಳಿದೆ. ಅವರು ನನ್ನನ್ನು ವಿನಯದ ಮೂರ್ತಿ ಎಂದುಕೊಂಡು ನಕ್ಕರು. "ನಿಮಗೆ ಗೊತ್ತಿಲ್ವಾ ಸಾರ್! ದಿನಕ್ಕೊಂದು ಸ್ಟೇಜು. ಇವತ್ತಿನದು ಸ್ವಲ್ಪ ಸುಲಭ. ಐವತ್ತೇ ಕಿಲೋಮೀಟರು."

ಐವತ್ತು! ನನ್ನ ಕಿವಿಯಲ್ಲಿ ಡೊಳ್ಳು ನಿಂತುಹೋಯಿತು. ಸ್ಟೇಜು ಎಂದರೆ ಬಡಾವಣೆಯಲ್ಲ, ಓಟದ ಒಂದು ದಿನದ ಪಾಲು! ಆ ಹುಡುಗಿ ವಿಳಾಸ ಕೇಳಿರಲಿಲ್ಲ, ನನ್ನ ಆಯಸ್ಸು ಕೇಳಿದ್ದಳು! ಮೈಸೂರಿನವನಲ್ಲದೆ ಭೂಮಿಯ ಮೇಲೆ ಬೇರೆ ಯಾರೂ ಈ ತಪ್ಪು ಮಾಡಲು ಸಾಧ್ಯವಿರಲಿಲ್ಲ. ನಮ್ಮೂರಲ್ಲಿ ಮನೆಗಳು ಸ್ಟೇಜಿನಲ್ಲಿರುತ್ತವೆ, ಮನುಷ್ಯರಲ್ಲ.

ಆಗಲೇ ನಿಜ ಹೇಳಿಬಿಡಬೇಕಿತ್ತು. ಬಾಯಿ ತೆರೆದೆ ಕೂಡ. ಆದರೆ ಮೇಷ್ಟ್ರು ತಮ್ಮ ಅಣ್ಣತಮ್ಮಂದಿರು, ಅತ್ತಿಗೆ ನಾದಿನಿಯರ ಇಡೀ ಸಾಲನ್ನು ನಿಲ್ಲಿಸಿಕೊಂಡು, "ಇವ್ರೇ ನಮ್ ಬೀಗ್ರು" ಎಂದು ಎದೆಯುಬ್ಬಿಸಿ ಹೇಳುತ್ತಿದ್ದರು. ಆ ಮುಖ ನೋಡಿ ನನ್ನ ಬಾಯಿ ತಾನಾಗಿಯೇ ಮುಚ್ಚಿಕೊಂಡಿತು. ದೂರದಲ್ಲಿ ರಂಜಿತಾ ಬಿಳಿಚಿಕೊಂಡು ನಿಂತಿದ್ದಳು. ಜಂಬ ಕೊಚ್ಚಿಕೊಂಡಿದ್ದೇನೆಂದೇ ಅವಳು ತಿಳಿದಿದ್ದಳು, ಪಾಪ. ಸುಶೀಲ ಕಾರಿನಿಂದ ಶೂ ಡಬ್ಬಿ ತಂದು ನನ್ನ ಕಾಲ ಬಳಿ ಇಟ್ಟು, ಯಾರಿಗೂ ಕೇಳದಂತೆ, "ಏನ್ ಮಾಡ್ಕೊಂಡ್ರಿ?" ಎಂದಳು.

"ಅಡ್ರೆಸ್ ಹೇಳ್ದೆ ಕಣೇ" ಎಂದೆ. ಅಷ್ಟರಲ್ಲಿ ಮೇಷ್ಟ್ರ ಸೀಟಿ ಕೂಗಿತು.

ಪಂಚೆ ಎತ್ತಿ ಕಟ್ಟಿ, ಕೊರಳಲ್ಲಿ ಹಾರದೊಂದಿಗೆ ನಾನು ಓಡಿದೆ! ಜನ ಕೇಕೆ ಹಾಕಿದರು. ಮೊದಲ ತಿರುವಿನ ತನಕ ನಾನು ಓಡಿದ ಓಟವನ್ನು ಕಂಡವರು ಇಂದಿಗೂ ಮೆಚ್ಚುತ್ತಾರೆ. ತಿರುವಿನಾಚೆ ಕಂಡವರು ಯಾರೂ ಇರಲಿಲ್ಲ, ಅಲ್ಲಿ ನಾನೊಂದು ಮೋರಿಯ ಮೇಲೆ ಕೂತೆ. ಎಲ್ಲರೂ ಮುಂದೆ ಹೋಗಲಿ, ಎಲ್ಲಾದರೂ ಅವಿತುಕೊಂಡಿದ್ದು ಸಂಜೆ ಕುಂಟುತ್ತಾ ವಾಪಸು ಹೋಗಿ ಕಾಲು ಉಳುಕಿತು ಎಂದರಾಯಿತು ಎಂಬುದು ನನ್ನ ಯೋಜನೆ.

ಅಷ್ಟರಲ್ಲಿ ಕೋಲು ಹಿಡಿದ ಹೆಂಗಸೊಬ್ಬರು ಬಂದು ನನ್ನ ಪಕ್ಕದಲ್ಲಿ ನಿಂತರು. ನಿವೃತ್ತ ನರ್ಸ್ ಅಂತೆ, ಹೆಸರು ಪೊನ್ನಮ್ಮ. "ನಾನು ಸ್ವೀಪರ್ ಸಾರ್" ಎಂದರು.

"ಗುಡಿಸಿ ತಾಯಿ, ನಾನು ಕಾಲೆತ್ತಿಕೋತೀನಿ" ಎಂದೆ.

"ರಸ್ತೆ ಅಲ್ಲ ಸಾರ್. ಕೊನೇಲಿ ಇರೋರ ಹಿಂದೆ ಬರೋರಿಗೆ ಸ್ವೀಪರ್ ಅಂತಾರೆ. ನಿಮ್ಮನ್ನ ಬಿಟ್ಟು ನಾನು ಹೋಗೋ ಹಾಗಿಲ್ಲ."

ಓಟ ಶುರುವಾಗಿ ಐದು ನಿಮಿಷಕ್ಕೇ ನಾನು ಗುಡಿಸಿ ಹಾಕುವ ವಸ್ತುವಾಗಿದ್ದೆ! ಆಮೇಲೆ ಶುರುವಾಯಿತು ನೋಡಿ ನನ್ನ ವನವಾಸ. ನಾನು ನಿಂತರೆ ಪೊನ್ನಮ್ಮನವರೂ ನಿಲ್ಲುತ್ತಾರೆ. ಕೂತರೆ, "ಬನ್ನಿ ಸಾರ್, ಸ್ವಲ್ಪ ದೂರ" ಎಂದು ಎಬ್ಬಿಸುತ್ತಾರೆ. ಇಳಿಜಾರಿನಲ್ಲಿ ನನ್ನ ಹೊಟ್ಟೆ ನನಗಿಂತ ಮುಂದೆ ಓಡಿತು, ಅದನ್ನು ಹಿಡಿಯಲು ನಾನು ಹಿಂದೆ ಓಡಿದೆ. ಡಬ್ಬಿಯಿಂದ ಅಂದೇ ಹೊರಬಂದ ಶೂ ಎರಡೂ ಹಿಮ್ಮಡಿಗಳಲ್ಲಿ ಬೊಬ್ಬೆ ಎಬ್ಬಿಸಿತು. ಇಳಿದದ್ದೆಲ್ಲವನ್ನೂ ಮತ್ತೆ ಹತ್ತಬೇಕೆಂದು ತಿಳಿದಾಗ ನಾನು ಮನೆದೇವರಿಗೆ ಹರಕೆ ಹೊತ್ತೆ.

ಕೊನೆಗೆ, "ತಾಯಿ, ಒಂದು ನಿಮಿಷ, ಪ್ರಕೃತಿಯ ಕರೆ" ಎಂದೆ. ಪೊನ್ನಮ್ಮನವರು ಮರ್ಯಾದಸ್ಥರು, ಆಚೆ ತಿರುಗಿ ನಿಂತರು. ನಾನು ಪೊದೆಯ ಹಿಂದೆ ಹೋಗಿ, ಅಲ್ಲಿಂದ ಹಾಗೆಯೇ ದಿಬ್ಬ ಜಾರಿ, ಕೆಳಗಿನ ರಸ್ತೆಗೆ ಬಿದ್ದೆ. ಎದ್ದು ನೋಡಿದರೆ ಎದುರಿಗೆ ಮಡಿಕೇರಿಯ ಕೆಂಪು ಬಸ್ಸು ಬರುತ್ತಿತ್ತು. ಅದಕ್ಕೆ ಕೈ ಅಡ್ಡ ಹಿಡಿದದ್ದು ನಾನಲ್ಲ, ನನ್ನ ಮೊಣಕಾಲುಗಳು.

ಕಿಟಕಿ ಪಕ್ಕದ ಸೀಟು ಸಿಕ್ಕಿತು. ಕಂಡಕ್ಟರು ನನ್ನ ಹಾರವನ್ನೂ ನಂಬರನ್ನೂ ನೋಡಿ, "ಎಲ್ಲಿಗೆ ಸಾರ್?" ಎಂದರು.

"ಮಡಿಕೇರಿಗಿಂತ ಸ್ವಲ್ಪ ಮೊದಲೇ ಇಳಿಸ್ಬಿಡಿ."

"ಯಾವ ಸ್ಟೇಜಿಗೆ ಕೊಡ್ಲಿ?"

ಆ ಪದ ಕೇಳುತ್ತಲೇ ನನಗೆ ಕಣ್ಣು ಕತ್ತಲಿಟ್ಟಿತು. "ಸ್ವಾಮಿ, ಆ ಪದ ಒಂದು ಬಿಟ್ಟು ಬೇರೆ ಏನಾದ್ರೂ ಕೇಳಿ" ಎಂದು ಕೈಮುಗಿದು, ಊರಿನವರೆಗೂ ಟಿಕೆಟ್ ತೆಗೆದುಕೊಂಡೆ. ಬಸ್ಸು ಬೆಟ್ಟ ಹತ್ತಿತು. ತಣ್ಣನೆಯ ಗಾಳಿ ಬೀಸಿತು. ಮುಂದೆ ರಸ್ತೆಯುದ್ದಕ್ಕೂ ಬೆವರುತ್ತಾ ಹತ್ತುತ್ತಿದ್ದ ಓಟಗಾರರನ್ನು ಒಬ್ಬೊಬ್ಬರಾಗಿ ಹಿಂದೆ ಹಾಕುವಾಗ, ಮುಚ್ಚುಮರೆ ಯಾಕೆ, ನನಗೆ ಸ್ವಲ್ಪ ಹೆಮ್ಮೆಯೇ ಆಯಿತು.

ಊರು ಇನ್ನೇನು ಬಂತು ಎನ್ನುವಾಗ ಒಂದು ಸೀಟಿ ಕೇಳಿಸಿತು. ಬಸ್ಸು ಗಕ್ಕನೆ ನಿಂತಿತು. ಆ ಸೀಟಿಯನ್ನು ನಾನು ಗುರುತಿಸಿದೆ. ಅಡ್ಡರಸ್ತೆಯಲ್ಲಿ ಓಟಗಾರರು ದಾಟಲೆಂದು ವಾಹನಗಳನ್ನು ತಡೆದು ನಿಲ್ಲಿಸಿದ್ದವರು ನಿಂಗೇಗೌಡ ಮೇಷ್ಟ್ರು! ನಾನು ಮುಂದಿನ ಸೀಟಿನ ಹಿಂದೆ ತಲೆ ಬಗ್ಗಿಸಿದೆ.

ಮೇಷ್ಟ್ರು ಶಿಸ್ತಿನ ಮನುಷ್ಯ. ಬಸ್ಸು ತಡೆದರೆ ಪ್ರಯಾಣಿಕರಿಗೆ ಕಾರಣ ಹೇಳಬೇಡವೇ? ಮೆಟ್ಟಿಲು ಹತ್ತಿ ಒಳಗೇ ಬಂದುಬಿಟ್ಟರು. "ತಾಯಂದ್ರೇ, ಅಣ್ಣಂದ್ರೇ, ಐದು ನಿಮಿಷ ಸಹಕರಿಸ್ಬೇಕು. ನಮ್ ಓಟಗಾರ್ರು ಬರ್ತಾವ್ರೆ." ಆಗಲೇ ಅವರ ಕೈಯ ವಾಕಿಟಾಕಿ ಕಿರುಚಿತು. ಪೊನ್ನಮ್ಮನವರ ದನಿ, ಅಳುತ್ತಿತ್ತು: "ಸಾರ್, ಮೈಸೂರಿನವರು ಕಾಣ್ತಿಲ್ಲ! ಪೊದೆಯೆಲ್ಲಾ ಹುಡುಕಿದೆ. ಜಾರಿದ ಗುರುತು ಇದೆ ಸಾರ್!"

ಮೇಷ್ಟ್ರ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. "ಅಯ್ಯಯ್ಯೋ, ನಮ್ ಬೀಗ್ರು! ಆ ಮಗೀಗೆ ಏನ್ ಹೇಳ್ಲಪ್ಪಾ ನಾನು!"

ನನ್ನ ಪಕ್ಕದಲ್ಲಿ ಕೂತಿದ್ದ ಅಜ್ಜಿಯೊಬ್ಬಳು ನನ್ನ ಎದೆಯ ನಂಬರನ್ನೂ ಮೇಷ್ಟ್ರನ್ನೂ ಒಂದೆರಡು ಸಲ ನೋಡಿದಳು. ಆಮೇಲೆ ದೊಡ್ಡ ದನಿಯಲ್ಲಿ, "ಓಟಗಾರ್ರು ಬರ್ತಾವ್ರೆ ಅಂದ್ಯಲ್ಲಪ್ಪ, ಇಲ್ಲೊಬ್ರು ಆಗ್ಲೇ ಬಂದ್ಬುಟ್ಟವ್ರೆ ಕಣ!" ಎಂದಳು.

ಇಡೀ ಬಸ್ಸು ತಿರುಗಿ ನೋಡಿತು. ನಾನು ನಿಧಾನವಾಗಿ ತಲೆ ಎತ್ತಿದೆ. "ನಮಸ್ಕಾರ ಬೀಗ್ರೇ" ಎಂದೆ. ಮೇಷ್ಟ್ರು ಒಂದು ಸಲ ಸೀಟಿ ಊದಿ, ಬೆರಳಿನಿಂದ ಬಾಗಿಲು ತೋರಿಸಿದರು. ನಾನು ಇಳಿದೆ. ಕಂಡಕ್ಟರು ಮಾತ್ರ ನ್ಯಾಯವಂತರು, "ಟಿಕೆಟ್ ತಗೊಂಡಿದ್ದಾರೆ ಸಾರ್" ಎಂದು ನನ್ನ ಪರವಾಗಿ ಸಾಕ್ಷಿ ಹೇಳಿದರು.

ಮೈದಾನಕ್ಕೆ ಬರುತ್ತಲೇ ರಂಜಿತಾ ಓಡಿಬಂದು ನನ್ನನ್ನು ತಬ್ಬಿಕೊಂಡು ಅತ್ತಳು. ನಾನು ಕಣಿವೆಗೆ ಬಿದ್ದೆ ಎಂದೇ ಅವಳಿಗೆ ಸುದ್ದಿ ಹೋಗಿತ್ತು. ಬಸ್ಸಿನ ವಿಷಯ ಕೇಳಿದ ಮೇಲೆ ಕೈ ಬಿಟ್ಟಳು, ಕಣ್ಣೊರೆಸಿಕೊಂಡಳು, ಆ ದಿನವೂ ಮಾರನೆಯ ದಿನವೂ ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಬೊಬ್ಬೆಗಿಂತ ಅದು ಹೆಚ್ಚು ಉರಿಯಿತು. ಮೇಷ್ಟ್ರ ಮನೆಯಲ್ಲಿ ಉಪಚಾರಕ್ಕೇನೂ ಕೊರತೆಯಿರಲಿಲ್ಲ, ಹೊತ್ತುಹೊತ್ತಿಗೆ ತಟ್ಟೆ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ತಾಂಬೂಲದ ಸುದ್ದಿಯನ್ನಂತೂ ಯಾರೂ ಎತ್ತಲಿಲ್ಲ. ಮನು ಗೋಡೆಯನ್ನೂ ಮಗಳು ನೆಲವನ್ನೂ ನೋಡುತ್ತಾ ಕೂತಿದ್ದರು. ನನ್ನ ಒಂದು ವಿಳಾಸದಿಂದ ಎರಡು ಮನೆ ಮುಳುಗುತ್ತಿತ್ತು.

ಶನಿವಾರ ಸಂಜೆ ಸುಶೀಲಳೇ ಸೆರಗು ಬಿಗಿದು ಮೇಷ್ಟ್ರ ಮುಂದೆ ಹೋಗಿ ನಿಂತಳು. ಬಡಾವಣೆಯ ಸ್ಟೇಜು, ಓಟದ ಸ್ಟೇಜು, ಬಸ್ಸಿನ ಸ್ಟೇಜು ಎಲ್ಲವನ್ನೂ ಬಿಡಿಸಿ ಹೇಳಿದಳು. "ನಮ್ಮೆಜಮಾನ್ರು ಪೆದ್ದು ಇರ್ಬೋದು ಅಣ್ಣಾ, ಮೋಸಗಾರ್ರಲ್ಲ" ಎಂದಳು. ನನ್ನ ಪರವಾಗಿ ಇದಕ್ಕಿಂತ ಒಳ್ಳೆಯ ವಾದವನ್ನು ಯಾವ ವಕೀಲನೂ ಮಾಡಲಾರ.

ಮೇಷ್ಟ್ರ ಮೀಸೆ ಸ್ವಲ್ಪ ಅಲುಗಿದಂತೆ ಕಂಡಿತು. ಆಮೇಲೆ ನನ್ನ ಕಡೆ ತಿರುಗಿದರು. "ಬಸ್ ಹತ್ತಿದ್ದಕ್ಕೆ ನಂಗೆ ಬೇಜಾರಿಲ್ಲ. ಹೇಳ್ದೆ ಹೋದ್ರಲ್ಲ, ಅದಕ್ಕೆ ಬೇಜಾರು. ನಾಳೆ ಫನ್ ರನ್ ಮುಗಿಸಿ. ತೆವಳ್ಕೊಂಡಾದ್ರೂ ಬನ್ನಿ, ಗಾಡಿ ಮಾತ್ರ ಹತ್ಬಾರ್ದು. ಹನ್ನೆರಡಕ್ಕೆ ಯಮಗಂಡಕಾಲ. ಅದ್ರೊಳಗೆ ಬಂದ್ರೆ ತಾಂಬೂಲ."

ಭಾನುವಾರ ಒಂಬತ್ತಕ್ಕೆ ಓಟ. ಮೂರು ಗಂಟೆ ಕಾಲ! ಅಂಬೆಗಾಲಿಡುವ ಕೂಸೂ ಮುಗಿಸೀತು ಎಂದು ಎಲ್ಲರೂ ಸಮಾಧಾನಪಟ್ಟರು. ಕೂಸಿಗೆ ನನ್ನ ತೊಡೆಗಳಿರಲಿಲ್ಲವಲ್ಲ! ಶುಕ್ರವಾರದ ಇಳಿಜಾರಿನ ಬಡ್ಡಿಯನ್ನು ಅವು ಭಾನುವಾರ ವಸೂಲಿ ಮಾಡಿದವು. ಮೆಟ್ಟಿಲನ್ನು ನಾನು ಹಿಮ್ಮುಖವಾಗಿ ಇಳಿಯುತ್ತಿದ್ದೆ.

ಸೀಟಿ ಕೂಗಿತು. ಬಲೂನು ಹಿಡಿದ ಮಕ್ಕಳು ನನ್ನನ್ನು ದಾಟಿದರು. ಸೀರೆ ಎತ್ತಿ ಕಟ್ಟಿದ ಅಜ್ಜಿಯರು ಸೊಸೆಯರನ್ನು ಬೈದುಕೊಳ್ಳುತ್ತಾ ದಾಟಿದರು. ಫೋನಿನಲ್ಲಿ ಜಗಳವಾಡುತ್ತಿದ್ದವರೊಬ್ಬರು ಜಗಳ ನಿಲ್ಲಿಸದೆ ದಾಟಿದರು. ಒಂದು ಬೀದಿನಾಯಿ ಮಾತ್ರ ಸ್ವಲ್ಪ ದೂರ ನನ್ನ ಜೊತೆಗೇ ಬಂತು, ಆಮೇಲೆ ಅದಕ್ಕೂ ಬೇಜಾರಾಗಿ ಮುಂದೆ ಹೋಯಿತು. ಎಲ್ಲರೂ ನಗುನಗುತ್ತಾ ಓಡುತ್ತಿದ್ದರು. ಫನ್ ಎಲ್ಲಾ ಅವರದು, ರನ್ ಮಾತ್ರ ನನ್ನದು!

ಅರ್ಧ ದಾರಿಗೆ ಬರುವಷ್ಟರಲ್ಲಿ ರಸ್ತೆ ಖಾಲಿಯಾಗಿತ್ತು. ಒಂದು ಕಲ್ಲಿನ ಮೇಲೆ ಕೂತು, ಎದ್ದು, ಮರ ಹಿಡಿದು ನಿಂತು, ಮತ್ತೆ ನಡೆದೆ. ಇನ್ನೊಂದು ಕಿಲೋಮೀಟರ್ ಉಳಿದಿದ್ದಾಗ ಹಿಂದಿನಿಂದ ಸ್ಕೂಟಿಯ ಸದ್ದಾಯಿತು. ರಂಜಿತಾ! ಎರಡು ದಿನದ ಮೇಲೆ ಮಾತಾಡಿದಳು.

"ಅಪ್ಪ, ಹನ್ನೊಂದೂವರೆ ಆಗ್ತಾ ಬಂತು. ಹತ್ತಿ. ಕೊನೇ ತಿರುವಲ್ಲಿ ಇಳಿಸ್ತೀನಿ. ಯಾರೂ ನೋಡಲ್ಲ."

ಅವಳ ಕಣ್ಣು ಕೆಂಪಾಗಿತ್ತು. ಹಿಂದಿನ ಸೀಟು ಎಷ್ಟು ಮೆತ್ತಗೆ ಕಾಣುತ್ತಿತ್ತು ಎಂದರೆ ನಾನು ಅದರ ಮೇಲೆ ಕೈ ಇಟ್ಟೂ ಇಟ್ಟೆ. ಆಮೇಲೆ ಕೈ ತೆಗೆದೆ. "ಬ್ಯಾಡ ಬುಡು ಮಗಳೇ. ನಿನ್ನ ಮಾವನ ಮನೇಲಿ ನಾಳೆ ಯಾರೂ ನಿಮ್ಮಪ್ಪ ಗಾಡಿ ಹತ್ತಿ ಬಂದ ಅನ್ಬಾರ್ದು. ನೀನು ಹೋಗು, ತಾಂಬೂಲದ ತಟ್ಟೆ ಸರಿ ಮಾಡು. ನಾನು ಬರ್ತೀನಿ" ಎಂದೆ. ಅವಳು ಮೂಗೊರೆಸಿಕೊಂಡು ಹೋದಳು. ಅವಳು ಹೋದ ಮೇಲೆ ನನಗೆ ನಿಜವಾಗಿಯೂ ಅಳು ಬಂತು. ಅರ್ಧ ಮಗಳಿಗಾಗಿ, ಅರ್ಧ ಸ್ಕೂಟಿಗಾಗಿ.

ಕೊನೆಯ ಏರಿನಲ್ಲಿ ಊರಿನ ಯಾವುದೋ ಗಡಿಯಾರ ಹನ್ನೆರಡು ಹೊಡೆಯಿತು. ನಾನು ಇನ್ನೂ ಏರಿನ ಬುಡದಲ್ಲಿದ್ದೆ. ಮುಗಿಯಿತು, ಯಮಗಂಡ ಶುರುವಾಯಿತು, ಮಗಳ ಮದುವೆ ಮುರಿಯಿತು! ಆದರೂ ಕಾಲುಗಳು ನಿಲ್ಲಲಿಲ್ಲ. ನಿಂತರೆ ಮತ್ತೆ ಹೊರಡುವುದಿಲ್ಲವೆಂದು ಅವಕ್ಕೂ ಗೊತ್ತಿತ್ತು. ಎದುರಿಗೆ ಗುರಿಯ ಗಾಳಿ ತುಂಬಿದ ದೊಡ್ಡ ಕಮಾನು ಕಂಡಿತು. ಇದ್ದ ಉಸಿರನ್ನೆಲ್ಲಾ ಸೇರಿಸಿ ಓಡಿದೆ. ಕಾರ್ಯಕ್ರಮ ಮುಗಿಯಿತೆಂದು ಯಾರೋ ಆಗಷ್ಟೇ ಅದರ ಗಾಳಿಯ ಯಂತ್ರ ನಿಲ್ಲಿಸಿದ್ದರು. ನಾನು ಗುರಿ ಮುಟ್ಟಿದ್ದೂ ಅದು ಉಸ್ಸೆಂದು ನನ್ನ ತಲೆಯ ಮೇಲೆ ಕುಸಿದದ್ದೂ ಒಂದೇ ಆಯಿತು.

ಬಟ್ಟೆಯನ್ನು ಎತ್ತಿ ನನ್ನನ್ನು ಹೊರಗೆಳೆದವರು ಮೇಷ್ಟ್ರೇ. ಅವರ ಬಾಯಿ ಎಲೆಯಡಿಕೆಯಿಂದ ಕೆಂಪಾಗಿತ್ತು. ಆಚೆ ಶಾಮಿಯಾನದಲ್ಲಿ ಎಲ್ಲರೂ ಕೇಸರಿಬಾತು ತಿನ್ನುತ್ತಿದ್ದರು. ರಂಜಿತಾಳ ಮುಡಿ ತುಂಬಾ ಹೂವಿತ್ತು.

"ತಾಂಬೂಲ…?" ಎಂದೆ.

"ಹನ್ನೆರಡಕ್ಕೆ ಐದು ನಿಮಿಷ ಇದ್ದಂಗೇ ಆಗೋಯ್ತು ಬೀಗ್ರೇ. ಬೀಗಿತ್ತಿ ಕೊಟ್ರು, ನಾವು ಇಸ್ಕೊಂಡ್ವಿ. ನೀವು ಸ್ಕೂಟಿ ಬ್ಯಾಡ ಅಂದ್ರಂತಲ್ಲ, ನಿಮ್ ಮಗ್ಳು ಬಂದು ಹೇಳ್ತು. ಅಷ್ಟು ಸಾಕು ಕಣ್ರೀ. ನೀವು ಮುಗಿಸ್ತೀರಿ ಅಂತ ಗೊತ್ತಾಯ್ತು. ಯಾವಾಗ ಅಂತ ಮಾತ್ರ ಗೊತ್ತಾಗ್ನಿಲ್ಲ!"

ಮಗಳ ಮದುವೆಗೆ ಅಪ್ಪ ಬೇಕು ನಿಜ, ಆದರೆ ಹನ್ನೆರಡರೊಳಗೆ ಬೇಕು. ಇಲ್ಲದಿದ್ದರೆ ಅವನಿಲ್ಲದೆಯೂ ಆಗುತ್ತದೆ, ಇನ್ನೂ ಸುಸೂತ್ರವಾಗಿ ಆಗುತ್ತದೆ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವಂತೆ, ನಾನು ನೆಲದ ಮೇಲೆ ಕೂತೇ ಎಲ್ಲರ ಅಭಿನಂದನೆ ಸ್ವೀಕರಿಸಿದೆ. ರಂಜಿತಾ ಮತ್ತು ಮನು ಆಶೀರ್ವಾದಕ್ಕೆಂದು ಬಂದು ಬಗ್ಗಿದರು. "ಕಾಲು ಮಾತ್ರ ಮುಟ್ಬೇಡಿ!" ಎಂದು ನಾನು ಕಿರುಚಿದ್ದು ಬಸ್ ಸ್ಟ್ಯಾಂಡಿನ ತನಕ ಕೇಳಿಸಿತಂತೆ.

ಸುಶೀಲ ಒಂದು ಲೋಟ ನೀರು ತಂದು ಕೊಟ್ಟಳು. ನಾನು ದಮ್ಮು ಎಳೆದುಕೊಂಡು, ಹುಡುಗಿಯ ತಂದೆಗೆ ತಕ್ಕ ಗಾಂಭೀರ್ಯದಿಂದ ಕೇಳಿದೆ: "ಲಗ್ನ ಯಾವಾಗ ಇಟ್ಕೊಂಡ್ರಿ?"

"ಮಾಘ ಮಾಸದಲ್ಲಿ, ಮೈಸೂರಲ್ಲೇ" ಎಂದಳು ಅವಳು. "ಇನ್ನೂ ನಾಲ್ಕು ತಿಂಗಳಿದೆ. ನೀವು ಈಗಲೇ ಹೊರಟ್ಬಿಡಿ, ಹೊತ್ತಿಗೆ ಸರಿಯಾಗಿ ಛತ್ರ ಸೇರ್ಕೋತೀರಾ!"